ಎರಡಕ್ಕೆ ಹೋಯಿತೇ ಮರಿ?

ನಮ್ಮ ಕಡೆ ಬೀದಿಯಲ್ಲಿ ಯಾರೇ ಎದುರಾದರೂ ಮೊದಲು ಕೇಳುವುದು ‘ಊಟ ಆಯ್ತಾ?’ ಎಂದು. ಬೆಳಗಿನ ಹೊತ್ತಾದರೆ ‘ಕಾಫಿ ಆಯ್ತಾ, ತಿಂಡಿ ಆಯ್ತಾ?’ ತಿಂದದ್ದರ ಬಗ್ಗೆ ಇಷ್ಟೊಂದು ಕಾಳಜಿ ಇರುವ ನಾವು, ತಿಂದದ್ದು ಮುಂದೆ ಏನಾಯಿತು ಎಂಬುದನ್ನು ಮಾತ್ರ ಅಪ್ಪಿತಪ್ಪಿಯೂ ವಿಚಾರಿಸುವುದಿಲ್ಲ. ಆ ವಿಷಯಕ್ಕೆ ಪ್ರವೇಶವಿರುವುದು ಎರಡೇ ಕಡೆ. ಒಂದು ಬಾಣಂತಿಯ ಕೋಣೆ. ಕೂಸು ದಿನಕ್ಕೆ ಎಷ್ಟು ಸಲ ಹೋಯಿತು, ಯಾವ ಬಣ್ಣದಲ್ಲಿ ಹೋಯಿತು ಎಂದು ಅಜ್ಜಿಯರು ಅಲ್ಲಿ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಇನ್ನೊಂದು, ಶಾಲೆಯ ಒಂದನೇ ತರಗತಿ. ಅಲ್ಲಿ ಮಕ್ಕಳು ಒಂದು ಬೆರಳೋ ಎರಡು ಬೆರಳೋ ಎತ್ತಿ ಹಿಡಿದು, ಅಪ್ಪಣೆ ಸಿಗುವ ಮೊದಲೇ ಬಾಗಿಲು ದಾಟಿರುತ್ತಾರೆ. ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ಆ ಎರಡನೇ ಬೆರಳು ಮಡಿಸಿಕೊಂಡುಬಿಡುತ್ತದೆ. ಆಮೇಲೆ ಜೀವಮಾನವಿಡೀ ಎಲ್ಲರೂ ಒಂದಕ್ಕೆ ಮಾತ್ರ ಹೋಗುವವರೇ!

ಅಂಥ ನಮ್ಮ ಮನೆಯಲ್ಲಿ, ನನಗೆ ಐವತ್ತು ದಾಟಿದ ಮೇಲೆ, ‘ಎರಡಕ್ಕೆ ಹೋಯಿತೇ?’ ಎಂಬುದು ದಿನದ ಮೊದಲ ಮಾತಾಯಿತು. ಅದಕ್ಕೆ ಕಾರಣ ಅಂಗೈಯಗಲದ ಒಂದು ಬೆಕ್ಕಿನ ಮರಿ.

2022ರ ಜೂನ್ ತಿಂಗಳು. ಅರಸೀಕೆರೆಯ ನಮ್ಮ ಬೀದಿಯ ಚರಂಡಿ ಕಟ್ಟೆಯ ಪಕ್ಕದಲ್ಲಿ ಅದು ಬಿದ್ದಿತ್ತು. ಯಾರದೋ ಗಾಡಿಯ ಚಕ್ರ ತಗುಲಿರಬೇಕು. ಹಿಂಗಾಲುಗಳನ್ನು ಎಳೆದುಕೊಂಡು ತೆವಳುತ್ತಿತ್ತು. ಬಿಳಿ, ಕಪ್ಪು, ಕಿತ್ತಳೆ ಮೂರೂ ಬಣ್ಣ ಮೈಮೇಲಿತ್ತು. ಮೂರು ಬಣ್ಣದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ ಎಂದು ನಮ್ಮ ಶಾಲೆಯ ವಿಜ್ಞಾನದ ಟೀಚರು ಹೇಳಿದ್ದು ನೆನಪಿತ್ತು. ಹಾಗಾಗಿ ಮನೆಯೊಳಗೆ ತರುವ ಮೊದಲೇ ಅದಕ್ಕೆ ‘ಸುಬ್ಬಿ’ ಎಂದು ಹೆಸರಾಯಿತು. ಎಂಬತ್ತು ದಾಟಿದ ನಮ್ಮ ಅತ್ತೆಯವರು ಬಾಗಿಲಲ್ಲೇ ಅಡ್ಡ ನಿಂತು, “ಹಾಲು ಮೊಸರು ಇರೋ ಮನೆ ಕಣೇ ಇದು, ಬೆಕ್ಕು ಸೇರಿಸ್ತೀಯಾ?” ಎಂದರು. ನಮ್ಮ ಯಜಮಾನರು, “ಕಾಲು ವಾಸಿ ಆಗೋವರೆಗೆ ಅಷ್ಟೇ ಅಮ್ಮ” ಎಂದರು. ಈ ‘ಅಷ್ಟೇ’ಗೆ ಈಗ ಮೂರು ವರ್ಷ ತುಂಬಿದೆ.

ದನದ ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಅಂಗಳದಲ್ಲಿ ಹಸು ಎಮ್ಮೆಗಳನ್ನು ನಿಲ್ಲಿಸಿ ಕಟ್ಟುವ ಕಬ್ಬಿಣದ ಕಟಕಟೆ ಇದೆ. ಅದರ ಮುಂದೆ ನಮ್ಮ ರೋಗಿಯನ್ನು ಬುಟ್ಟಿಯಲ್ಲಿ ಹಿಡಿದುಕೊಂಡು ನಿಂತಾಗ ನನಗೇ ನಗು ಬಂತು. ಅವರು ಮಾತ್ರ ನಗಲಿಲ್ಲ. ರಿಜಿಸ್ಟರನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಅದನ್ನು ಮಲಗಿಸಿ ನಿಧಾನವಾಗಿ ಮುಟ್ಟಿ ನೋಡಿದರು. “ಕಾಲು, ಬಾಲ ಚಿವುಟಿದರೆ ಗೊತ್ತಾಗ್ತಿದೆ, ಅದು ಒಳ್ಳೇದು. ಸೊಂಟದ ಮೂಳೆ ಮುರಿದ ಹಾಗಿದೆ. ಮರಿಯಲ್ವಾ, ಕೂಡಿಕೊಳ್ಳುತ್ತೆ. ಒಂದು ತಿಂಗಳು ನೆಗೆಯೋಕೆ ಬಿಡಬೇಡಿ” ಎಂದರು. ಟೊಮೆಟೊ ತರುವ ಪ್ಲಾಸ್ಟಿಕ್ ಕ್ರೇಟೊಂದು ಅದರ ಆಸ್ಪತ್ರೆಯ ಕೋಣೆಯಾಯಿತು. ಆಗಸ್ಟಿನ ಹೊತ್ತಿಗೆ ಸುಬ್ಬಿ ಓಡಾಡತೊಡಗಿತು. ಸ್ವಲ್ಪ ಸೊಟ್ಟಗೆ, ಆದರೆ ಠೀವಿಯಿಂದ.

ತೊಂದರೆ ಶುರುವಾದದ್ದು ಸೆಪ್ಟೆಂಬರಿನಲ್ಲಿ. ಮರಳಿನ ತಟ್ಟೆಯಲ್ಲಿ ಕೂರುವುದು, ಮೈಯೆಲ್ಲ ಬಿಗಿಹಿಡಿದು ಮುಕ್ಕುವುದು, ಒಂದು ಥರಾ ಕೂಗಿ ಹೊರಗೆ ಬರುವುದು. ತಟ್ಟೆಯಲ್ಲಿ ನೋಡಿದರೆ ಏನೂ ಇಲ್ಲ. ಹತ್ತು ನಿಮಿಷ ಬಿಟ್ಟು ಮತ್ತೆ ಅದೇ. ಮೂರನೆಯ ದಿನ ಊಟ ಬಿಟ್ಟಿತು, ನಾಲ್ಕನೆಯ ದಿನ ವಾಂತಿ. ಹೊಟ್ಟೆ ಮುಟ್ಟಿದರೆ ಒಳಗೆ ಅಡಿಕೆಗಳನ್ನು ಸಾಲಾಗಿ ಪೋಣಿಸಿಟ್ಟಂತೆ ಗಟ್ಟಿ ಗಟ್ಟಿ.

ಬೀದಿಯ ಎಲ್ಲ ಬಾಗಿಲುಗಳಿಂದಲೂ ಔಷಧಿಗಳು ಬಂದವು. ಎದುರುಮನೆಯವರು ಹರಳೆಣ್ಣೆ ಕುಡಿಸಿ ಎಂದರು. ಮೂಲೆಮನೆಯ ಅಜ್ಜಿ, ಕೂಸುಗಳಿಗೆ ಮಾಡುವ ಹಾಗೆ ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲದ್ದಿ ಇಡು ಎಂದರು. ಮೆಡಿಕಲ್ ಸ್ಟೋರಿನ ಹುಡುಗ ದೊಡ್ಡವರಿಗೆ ಕೊಡುವ ಎನಿಮಾ ಬಾಟಲಿಯನ್ನೇ ತೆಗೆದು ಮುಂದಿಟ್ಟ. ಎಲ್ಲವನ್ನೂ ಕೇಳಿಸಿಕೊಂಡು, ಏನನ್ನೂ ಮಾಡದೆ ನಾವು ಡಾಕ್ಟರ ಹತ್ತಿರ ಹೋದೆವು. ಈ ಮಾತನ್ನು ಬೆಕ್ಕು ಸಾಕಿರುವ ಓದುಗರು ಗಮನಿಸಬೇಕು. ಬಲವಂತವಾಗಿ ಕುಡಿಸಿದ ಎಣ್ಣೆ ಬೆಕ್ಕಿನ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮನುಷ್ಯರಿಗೆಂದು ಮಾರುವ ಫಾಸ್ಫೇಟ್ ಎನಿಮಾವಂತೂ ಬೆಕ್ಕಿನ ರಕ್ತದ ಲವಣಗಳನ್ನೆಲ್ಲ ಏರುಪೇರು ಮಾಡಿ ಪ್ರಾಣವನ್ನೇ ತೆಗೆಯಬಲ್ಲುದು.

ಡಾಕ್ಟರು ಮೊದಲು ಕೇಳಿದ್ದು, “ಒಂದಕ್ಕೆ ಹೋಗ್ತಿದೆಯಾ?” ಎಂದು. ಮೂತ್ರ ಕಟ್ಟಿದಾಗಲೂ ಬೆಕ್ಕು ಹೀಗೆಯೇ ಕೂತು ಮುಕ್ಕುತ್ತದಂತೆ. ಗಂಡು ಬೆಕ್ಕುಗಳಲ್ಲಿ ಅದು ಹೆಚ್ಚು. ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರುತ್ತದೆ. ಹಾಗಾಗಿ ಯಾವುದು ಕಟ್ಟಿದೆ ಎಂದು ತಿಳಿಯುವುದೇ ಮೊದಲ ಕೆಲಸ. ನಮ್ಮದು ಎರಡರ ತೊಂದರೆ ಎಂದು ಖಚಿತವಾದ ಮೇಲೆ ಚರ್ಮದಡಿಗೆ ಗ್ಲೂಕೋಸ್ ನೀರಿನಂಥ ದ್ರವ ಕೊಟ್ಟು, ಮತ್ತಿನ ಚುಚ್ಚುಮದ್ದು ಕೊಟ್ಟು, ಬೆಚ್ಚಗಿನ ನೀರಿನಲ್ಲಿ ಎನಿಮಾ ಮಾಡಿ, ತಾಳ್ಮೆಯಿಂದ ಎಲ್ಲವನ್ನೂ ಹೊರಗೆ ತಂದರು. ಮನೆಗೆ ಬಂದ ಸುಬ್ಬಿ ಆ ರಾತ್ರಿ ಗುರ್ರೆನ್ನುತ್ತಾ ಮಲಗಿತು. ಹತ್ತು ದಿನಕ್ಕೆ ಮತ್ತೆ ಅದೇ ಕಥೆ. “ಹಾಸನದ ವೆಟರ್ನರಿ ಕಾಲೇಜಿಗೆ ಕರ್ಕೊಂಡು ಹೋಗಿ, ಎಕ್ಸ್‌ರೇ ಆಗಲೇಬೇಕು” ಎಂದರು.

ಹಾಸನದಲ್ಲಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದ ಯುವ ಡಾಕ್ಟರಮ್ಮ, ಮಕ್ಕಳಿಗೆ ಪಾಠ ಹೇಳುವಷ್ಟು ಚೆನ್ನಾಗಿ ವಿವರಿಸಿದರು. ಮುರಿದ ಸೊಂಟದ ಮೂಳೆ ಕೂಡಿಕೊಂಡಿತ್ತು, ಆದರೆ ಒಳಕ್ಕೆ ಬಾಗಿ ಕೂಡಿಕೊಂಡಿತ್ತು. ಮಲ ಹೊರಗೆ ಬರುವ ಹಾದಿ ಆ ಮೂಳೆಯ ಬಳೆಯೊಳಗಿಂದಲೇ ಸಾಗಬೇಕು, ಬಳೆ ಕಿರಿದಾಗಿದೆ. ದೊಡ್ಡಕರುಳಿನ ಕೆಲಸವೇ ಅಲ್ಲಿಗೆ ಬಂದದ್ದರಿಂದ ನೀರನ್ನು ಹೀರಿಕೊಳ್ಳುವುದು. ಹೊರಗೆ ಹೋಗುವುದು ಒಂದು ದಿನ ತಡವಾದರೆ ಇನ್ನಷ್ಟು ನೀರು ಹೀರಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಗಟ್ಟಿಯಾದಷ್ಟೂ ನೋವು, ನೋವಾದಷ್ಟೂ ತಡೆದುಕೊಳ್ಳುವುದು, ತಡೆದುಕೊಂಡಷ್ಟೂ ಗಟ್ಟಿ. ಹೀಗೆಯೇ ತಿಂಗಳುಗಟ್ಟಲೆ ಹಿಗ್ಗಿದ ಕರುಳು ಕೊನೆಗೆ ಕುಗ್ಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದಂತೆ. “ತಡ ಆದಷ್ಟೂ ತಡ ಆಗುತ್ತೆ ಮೇಡಂ, ಅದೇ ಈ ಕಾಯಿಲೆ” ಎಂದರು.

ಮುಂದಿನ ದಾರಿ ಮೂರು. ಒಂದು ಶಸ್ತ್ರಚಿಕಿತ್ಸೆ, ಇಷ್ಟು ಚಿಕ್ಕ ಮರಿಗೆ ಅಪಾಯ ಹೆಚ್ಚು, ಖರ್ಚೂ ಹೆಚ್ಚು. ಇನ್ನೊಂದು, ಬದುಕಿರುವವರೆಗೆ ದಿನವೂ ಔಷಧಿ, ಪಥ್ಯ, ನಿಗಾ. ಮೂರನೆಯದನ್ನು ಅವರು ದನಿ ತಗ್ಗಿಸಿ ಹೇಳಿದರು. “ದಿನಾ ನೋಡ್ಕೊಳ್ಳೋರು ಇಲ್ಲದಿದ್ದರೆ, ನರಳೋಕೆ ಬಿಡೋದಕ್ಕಿಂತ ನಿದ್ದೆಯ ಇಂಜೆಕ್ಷನ್...” ಇನ್ನೊಂದು ಮಾತನ್ನೂ ಸೇರಿಸಿದರು. ಈ ಸೊಂಟದಲ್ಲಿ ಮರಿ ಹಾಕಲು ಹೋದರೆ ತಾಯಿಯೂ ಉಳಿಯುವುದಿಲ್ಲ. ಇಟ್ಟುಕೊಳ್ಳುವುದಾದರೆ ಆಪರೇಷನ್ ಮಾಡಿಸಿಬಿಡಿ ಎಂದು.

ಹಿಂದಿರುಗುವ ಬಸ್ಸಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಯಜಮಾನರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ತೆಂಗಿನ ತೋಟಗಳನ್ನು ನೋಡುತ್ತಾ ಕೂತಿದ್ದರು. ನನಗೆ ಇನ್ನೂ ಸರ್ವೀಸಿದೆ. ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಸಂಜೆ ಐದಾಗುತ್ತದೆ. ಮಗ ಬೆಂಗಳೂರಿನಲ್ಲಿ. ಬೀದಿಯಲ್ಲಿ ಸಿಕ್ಕ ಮರಿಗಾಗಿ ಇಡೀ ಮನೆಯ ದಿನಚರಿಯನ್ನು ಕಟ್ಟಿಹಾಕಬೇಕೇ ಎಂಬುದು ತಳ್ಳಿಹಾಕುವಂಥ ಪ್ರಶ್ನೆಯಾಗಿರಲಿಲ್ಲ. ಮನೆಗೆ ಬಂದು ಅತ್ತೆಯವರಿಗೆ ಎಲ್ಲವನ್ನೂ ಹೇಳಿದೆವು. ಹಾಲು ಮೊಸರಿನ ಚಿಂತೆ ಮಾಡಿದ್ದ ಅದೇ ಅತ್ತೆ, ಬಹಳ ಹೊತ್ತು ಸುಮ್ಮನಿದ್ದು, “ಹೊರಗಡೆ ಹೋಗೋಕಾಗಲ್ಲ ಅಂತ ಯಾರಾದ್ರೂ ಪ್ರಾಣ ತೆಗೀತಾರೇನೇ?” ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಆರೈಕೆ ಎಂದರೆ ಏನು ಎಂದು ಕೇಳುತ್ತೀರಾ? ದೊಡ್ಡದೇನೂ ಅಲ್ಲ, ಒಂದೇ ಚಿಕ್ಕ ಕೆಲಸವನ್ನು ಒಂದು ದಿನವೂ ಬಿಡದೆ ಮಾಡುವುದು. ಲ್ಯಾಕ್ಟುಲೋಸ್ ಎಂಬ ಸಿರಪ್ಪು, ಬೆಳಗ್ಗೆ ಸಂಜೆ, ಡಾಕ್ಟರು ತೂಕ ನೋಡಿ ಹೇಳಿದ ಅಳತೆ. ಮರಿಯಾಗಿದ್ದಾಗ ಅದು 1 ಮಿಲಿಗೂ ಕಡಿಮೆ. ಅದೊಂದು ಬಗೆಯ ಸಕ್ಕರೆ. ಮೈಗೆ ಹತ್ತದೆ ನೇರವಾಗಿ ದೊಡ್ಡಕರುಳಿಗೆ ಹೋಗಿ, ಅಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆದು ಮಾಡುತ್ತದೆ. ಸಿಹಿ ಇದೆಯಲ್ಲ, ನೆಕ್ಕಿಬಿಡುತ್ತದೆ ಎಂದುಕೊಳ್ಳಬೇಡಿ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ತಿಳಿಯುವುದು ಬರೀ ಅಂಟು. ಹಳೆಯ ವಾಯಿಲ್ ಸೀರೆಯ ತುಂಡಿನಲ್ಲಿ ಕತ್ತಿನವರೆಗೆ ಸುತ್ತಿ, ಸೂಜಿಯಿಲ್ಲದ ಸಿರಿಂಜನ್ನು ತುಟಿಯ ಮೂಲೆಯಲ್ಲಿಟ್ಟು, ಹನಿ ಹನಿಯಾಗಿ, ಅದು ನುಂಗುವುದನ್ನು ಕಾಯುತ್ತಾ ಹಾಕಬೇಕು. ಸುತ್ತುವುದು ನಾನು, ಹಾಕುವುದು ಯಜಮಾನರು. ಮಗನಿಗೆ ಜ್ವರ ಬಂದಾಗಲೂ ಅವರು ಇಷ್ಟು ನಿಷ್ಠೆಯಿಂದ ಔಷಧಿ ಹಾಕಿದ್ದನ್ನು ನಾನು ಕಂಡಿಲ್ಲ.

ಇನ್ನು ನೀರು. ಬೆಕ್ಕುಗಳ ಪೂರ್ವಿಕರು ಮರುಭೂಮಿಯಂಥ ಒಣ ನೆಲದವರು; ಬೇಟೆಯ ಮಾಂಸದಲ್ಲಿದ್ದ ನೀರಿನಲ್ಲೇ ಬದುಕು ಸಾಗಿಸಿದವರು. ಬಾಯಾರಿಕೆ ಅವಕ್ಕೆ ಬೇಗ ತಿಳಿಯುವುದಿಲ್ಲ. ಆದ್ದರಿಂದ ಒಣ ಕಾಳಿನ ಆಹಾರ ಬಿಟ್ಟು, ನೀರಂಶವಿರುವ ಪೊಟ್ಟಣದ ಆಹಾರಕ್ಕೆ ಇನ್ನೆರಡು ಚಮಚ ಬಿಸಿನೀರು ಸೇರಿಸಿ ಕೊಡು ಎಂದರು. ಮನೆಯ ನಾಲ್ಕು ಮೂಲೆಯಲ್ಲಿ ನಾಲ್ಕು ಬಟ್ಟಲು ನೀರು ಇಟ್ಟೆವು. ನಮ್ಮದು ಸಸ್ಯಾಹಾರಿಗಳ ಮನೆ. ಬರೀ ಹಾಲು ಅನ್ನದಲ್ಲಿ ಬೆಕ್ಕನ್ನು ಸಾಕಲು ಬರುವುದಿಲ್ಲ; ಅದರ ಕಣ್ಣಿಗೆ, ಹೃದಯಕ್ಕೆ ಬೇಕಾದ ಟಾರಿನ್ ಎಂಬ ಸತ್ವ ಸಿಗುವುದು ಮಾಂಸದಲ್ಲಿ. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸುಬ್ಬಿಗೆ ಬೇರೆ ತಟ್ಟೆ, ಬೇರೆ ಕತ್ತರಿ, ಬೇರೆ ಚಮಚ. ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡೇ, “ಪೂರಾ ತಿಂದಿದೆಯಾ ನೋಡೇ” ಎನ್ನುತ್ತಿದ್ದರು. ಸಿಹಿಗುಂಬಳ ಬೇಯಿಸಿ ಹಾಕಿ ಎಂದು ಎಷ್ಟೋ ಜನ ಹೇಳಿದರು. ಕೆಲವು ಬೆಕ್ಕುಗಳಿಗೆ ಅದು ಒಳ್ಳೆಯದೇ. ಆದರೆ ಹಾದಿಯೇ ಕಿರಿದಾಗಿರುವ ಸುಬ್ಬಿಗೆ ನಾರು ತುಂಬಿ ಗಾತ್ರ ಹೆಚ್ಚಿಸಬಾರದು, ಮೆದು ಮಾಡಬೇಕು ಎಂದು ಡಾಕ್ಟರಮ್ಮ ತಡೆದರು. ಒಬ್ಬರ ಮದ್ದು ಇನ್ನೊಬ್ಬರ ಕಾಯಿಲೆ ಎಂದು ಹಿಂದಿನವರು ಸುಮ್ಮನೆ ಹೇಳಲಿಲ್ಲ.

ಲೆಕ್ಕ ಇಡುವುದಕ್ಕೆ ಅಡುಗೆಮನೆಯ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರು ಇತ್ತು. ಅದರ ಚೌಕಗಳಲ್ಲಿ ಮೊದಲಿಂದಲೂ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಚೀಟಿಯ ಕಂತು. ಈಗ ಕೆಳಗಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ‘ಸು’. ಹೋದ ದಿನ ‘ಸು’, ಹೋಗದ ದಿನ ಖಾಲಿ. ಎರಡು ದಿನ ಖಾಲಿ ಇದ್ದರೆ ಡಾಕ್ಟರಿಗೆ ಫೋನು. ಬೆಳಗ್ಗೆ ಎದ್ದವರು ಮೊದಲು ಮರಳಿನ ತಟ್ಟೆ ನೋಡುವುದು. “ಹೋಗಿದೆ ಕಣೇ!” ಎಂಬ ಯಜಮಾನರ ಕೂಗು, ಮಗನ ಪಿಯುಸಿ ಫಲಿತಾಂಶದ ದಿನದ ಕೂಗಿಗಿಂತ ಜೋರಾಗಿರುತ್ತಿತ್ತು. ಫೋನಿನಲ್ಲಿ ಮಗ, “ನೀವಿಬ್ರೂ ಈಗ ಮಾತಾಡೋದೇ ಅದೊಂದನ್ನ” ಎಂದು ನಗುತ್ತಿದ್ದ.

2023ರ ಫೆಬ್ರುವರಿಯ ಒಂದು ಭಾನುವಾರ. ಆಪರೇಷನ್ನಿನ ಹೊಲಿಗೆ ಮಾಗಿ ಸುಬ್ಬಿ ಬಿಸಿಲಿಗೆ ಮೈಚಾಚಿ ಮಲಗಿತ್ತು. ಅತ್ತೆ ಅದರ ಬೆನ್ನು ಸವರುತ್ತಾ, ತಮಗೆ ತಾವೇ ಎಂಬಂತೆ, “ನಿನಗಾದ್ರೆ ಕೇಳೋರಿದಾರೆ ಕಣವ್ವ” ಎಂದರು. ನಾನು ಅವರ ಪಕ್ಕದಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ ಸೆರಗಿನ ತುದಿ ಸುತ್ತುತ್ತಾ, “ನಂಗೂ ಐದು ದಿನ ಆಯ್ತು ಕಣೇ” ಎಂದರು.

ಎಷ್ಟು ದಿನದಿಂದ ಹೀಗೆ ಎಂದರೆ, ದಿನಗಳಲ್ಲ, ವರ್ಷಗಳು. ರಕ್ತ ಕಡಿಮೆ ಎಂದು ಕೊಟ್ಟಿದ್ದ ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಇನ್ನೂ ಹೆಚ್ಚು. ನಮ್ಮದು ಹಳೆಯ ಮನೆ. ಕಕ್ಕಸು ಹಿತ್ತಲಿನ ಆ ತುದಿಗೆ. ರಾತ್ರಿ ಎದ್ದು ಹೋಗುವಾಗ ಜಾರಿ ಬಿದ್ದೇನೆಂಬ ಹೆದರಿಕೆಗೆ ಅವರು ಸಂಜೆ ನಾಲ್ಕರ ಕಾಫಿಯ ಮೇಲೆ ಒಂದು ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ಇದ್ಯಾವುದನ್ನೂ ಮಗನಿಗೆ ಹೇಳಲು ನಾಚಿಕೆ, ಸೊಸೆಗೆ ಹೇಳಲು ಸಂಕೋಚ. “ಇಂಥದನ್ನೆಲ್ಲ ಮನೇಲಿ ಹೇಳ್ತಾರಾ? ಬೆಕ್ಕಿಂದು ದಿನಾ ಕ್ಯಾಲೆಂಡರಲ್ಲಿ ಬರೀತೀರಲ್ಲ, ಅದಕ್ಕೆ ಹೇಳಿದೆ” ಎಂದರು.

ಮರುದಿನವೇ ನಮ್ಮ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಅವರು ಪರೀಕ್ಷೆ ಮಾಡಿ, ಕಬ್ಬಿಣದ ಮಾತ್ರೆಯನ್ನು ಬದಲಿಸಿ, ಹಗಲಿನಲ್ಲಿ ಹೆಚ್ಚು ನೀರು ಕುಡಿಯಲು ಹೇಳಿ, ಒಂದು ಸಿರಪ್ಪು ಬರೆದರು. ಚೀಟಿ ನೋಡಿ ಯಜಮಾನರು ನಕ್ಕುಬಿಟ್ಟರು: ಲ್ಯಾಕ್ಟುಲೋಸ್! ಅಲ್ಮೇರಾದಲ್ಲಿ ಈಗ ಎರಡು ಬಾಟಲಿ, ಎರಡಕ್ಕೂ ಚೀಟಿ ಅಂಟಿಸಿದೆ. ಒಂದರ ಮೇಲೆ ‘ಅಮ್ಮ’, ಒಂದರ ಮೇಲೆ ‘ಸುಬ್ಬಿ’. ಆ ತಿಂಗಳ ಸಂಬಳದಲ್ಲಿ ಹಿತ್ತಲ ದಾರಿಗೆ ದೀಪ, ಹಿಡಿದುಕೊಳ್ಳಲು ಸ್ಟೀಲಿನ ಹಿಡಿ, ಕೂರಲು ಎತ್ತರದ ಕಮೋಡು ಆಯಿತು. ಎಲ್ಲ ಸೇರಿ ಒಂದು ಸಾಧಾರಣ ರೇಷ್ಮೆ ಸೀರೆಯ ಬೆಲೆ.

ಅತ್ತೆಯವರ ಆ ‘ನಾಲ್ಕು ಗಂಟೆಯ ಮೇಲೆ ನೀರಿಲ್ಲ’ ಎಂಬ ಮಾತು ನನಗೆ ಹೊಸದಾಗಿರಲಿಲ್ಲ. 1996ರಲ್ಲಿ ನಾನು ಮೊದಲು ಸೇರಿದ ಹಳ್ಳಿಯ ಪ್ರೌಢಶಾಲೆಯಲ್ಲಿ ಶೌಚಾಲಯ ಇರಲಿಲ್ಲ. ನಾವು ಮೂವರು ಶಿಕ್ಷಕಿಯರು ಬೆಳಗ್ಗೆ ಅರ್ಧ ಲೋಟ ಕಾಫಿ ಕುಡಿದು ಹೊರಟರೆ, ಸಂಜೆ ಮನೆಗೆ ಬಂದೇ ನೀರು ಕುಡಿಯುವುದು. ಹುಡುಗಿಯರೂ ಹಾಗೆಯೇ. ಮುಟ್ಟಿನ ದಿನಗಳಲ್ಲಿ ಶಾಲೆಗೇ ಬರುತ್ತಿರಲಿಲ್ಲ. ಆಗ ನಮ್ಮಲ್ಲಿ ಯಾರನ್ನು ಕೇಳಿದರೂ ತಲೆನೋವು, ಗ್ಯಾಸ್ಟ್ರಿಕ್, ಸುಸ್ತು. ಅದರ ಹಿಂದಿನ ಕಾರಣವನ್ನು ಮಾತ್ರ ಒಬ್ಬರೂ ಆಡುತ್ತಿರಲಿಲ್ಲ. ಗಾಂಧೀಜಿಯವರು ತಮ್ಮ ಆತ್ಮಕಥೆಯಲ್ಲಿ ತಮಗಿದ್ದ ಮಲಬದ್ಧತೆಯನ್ನೂ, ಅದಕ್ಕೆ ಹೊಟ್ಟೆಯ ಮೇಲೆ ಕಟ್ಟಿಕೊಳ್ಳುತ್ತಿದ್ದ ಒದ್ದೆ ಮಣ್ಣಿನ ಪಟ್ಟಿಯನ್ನೂ ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾರೆ. ಅವರ ಸತ್ಯ, ಅಹಿಂಸೆಗಳನ್ನು ವರ್ಷವರ್ಷವೂ ಪಾಠ ಮಾಡುವ ನಾವು ಆ ಪುಟವನ್ನು ಮಾತ್ರ ತರಗತಿಗೆ ತರುವುದಿಲ್ಲ.

ಕಾನೂನು ಬಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಗಳಲ್ಲಿ ಹುಡುಗಿಯರಿಗೆ ಬೇರೆ ಶೌಚಾಲಯ ಇರಬೇಕೆಂದಿತು. 2012ರಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಗಡುವು ಕೊಟ್ಟು ಅದನ್ನೇ ಒತ್ತಿ ಹೇಳಿತು. 2019ರಲ್ಲಿ ಕೇರಳದ ಶಾಲೆಗಳನ್ನು ನೋಡಿ ನಮ್ಮ ರಾಜ್ಯದಲ್ಲೂ ಮಕ್ಕಳಿಗೆ ನೀರು ಕುಡಿಯಲೆಂದೇ ‘ವಾಟರ್ ಬೆಲ್’ ಹೊಡೆಯುವ ಯೋಚನೆ ಬಂತು. ಕಟ್ಟಡಗಳು ಎದ್ದವು, ಗಂಟೆಗಳು ಬಾರಿಸಿದವು. ಆದರೂ ಶೌಚಾಲಯದ ಬೀಗದ ಕೈ ಸ್ಟಾಫ್ ರೂಮಿನಲ್ಲಿದ್ದು, ಅದನ್ನು ಹತ್ತು ಜನರೆದುರು ಕೇಳಿ ಪಡೆಯಬೇಕೆಂದರೆ, ಯಾವ ಹುಡುಗಿ ನೀರು ಕುಡಿದಾಳು? ಈಗ ನಾನಿರುವ ಶಾಲೆಯಲ್ಲಿ ಆ ಬೀಗದ ಕೈ ಹುಡುಗಿಯರ ಕೊಠಡಿಯ ಬಾಗಿಲ ಹಿಂದೆ ಒಂದು ಮೊಳೆಗೆ ನೇತಾಡುತ್ತದೆ. ಅದಕ್ಕೆ ಬೇಕಾದದ್ದು ಅನುದಾನವೂ ಅಲ್ಲ, ಆದೇಶವೂ ಅಲ್ಲ. ಒಂದು ಮೊಳೆ ಮತ್ತು ಬಾಯಿಬಿಟ್ಟು ಆಡಿದ ಒಂದು ಮಾತು. ಎಂಟನೇ ತರಗತಿಗೆ ಸುಬ್ಬಿಯ ಕಥೆಯನ್ನು ಪೂರ್ತಿ ಹೇಳಿದೆ. ಮೊದಲು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಆಮೇಲೆ ಒಬ್ಬೊಬ್ಬರೇ ಪ್ರಶ್ನೆ ಕೇಳತೊಡಗಿದರು. ಆ ಪ್ರಶ್ನೆಗಳು ಬೆಕ್ಕಿನದಾಗಿರಲಿಲ್ಲ.

ಸುಬ್ಬಿ ವಾಸಿಯಾಗಿಲ್ಲ. ಆಗುವುದೂ ಇಲ್ಲ. 2024ರಲ್ಲಿ ಎರಡು ಸಲ ಮತ್ತೆ ಎನಿಮಾ ಆಯಿತು. ಎರಡನೆಯ ಸಲ, ಮುಂದೊಂದು ದಿನ ಶಸ್ತ್ರಚಿಕಿತ್ಸೆ ಮಾಡಲೇಬೇಕಾಗಬಹುದು ಎಂದರು; ಅದಕ್ಕೆಂದು ಅಂಚೆ ಕಚೇರಿಯಲ್ಲಿ ತಿಂಗಳಿಗಿಷ್ಟು ಕಟ್ಟುತ್ತಿದ್ದೇವೆ. ನಾವಿಬ್ಬರೂ ಒಟ್ಟಿಗೆ ಊರು ಬಿಟ್ಟು ಹೋಗಿಲ್ಲ. ಒಬ್ಬರು ಮದುವೆಗೆ ಹೋದರೆ ಒಬ್ಬರು ಸಿರಿಂಜಿಗೆ. ಆದರೂ ಅದು ಗೋಡೆ ಹತ್ತುತ್ತದೆ, ಅಳಿಲನ್ನು ಅಟ್ಟಿಸುತ್ತದೆ, ಅತ್ತೆಯ ಜಪದ ಹೊತ್ತಿಗೆ ಸರಿಯಾಗಿ ತೊಡೆಯೇರುತ್ತದೆ.

ಮೊನ್ನೆ ಯಜಮಾನರ ಸೋದರತ್ತೆಯ ಮಗಳು ಬಂದಿದ್ದವರು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು, “ಇದೇನು ಅತ್ತಿಗೆ, ಹಾಲಿನ ಲೆಕ್ಕದ ಕೆಳಗೆ ದಿನಾ ‘ಸು’, ಪಕ್ಕದಲ್ಲಿ ‘ಅ’ ಅಂತ ಬರೆದಿದ್ದೀರಲ್ಲ?” ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಅತ್ತೆಯೇ ಹೇಳಿದರು: “ಸು ಅಂದ್ರೆ ಸುಬ್ಬಿ, ಅ ಅಂದ್ರೆ ನಾನು. ಇವತ್ತು ಇಬ್ಬರದೂ ಆಗಿದೆ. ನಿಂದೇನು ಸಮಾಚಾರ?”